ಮೆಟಾಮಾಡೆಲ್ ಬದಲಾದಾಗ ಹಳೆಯ ಮಾಡೆಲ್‌ಗಳನ್ನು ಹೊಸ ಆವೃತ್ತಿಗೆ ತರುವುದು: ಎಡದಂಡೆ ಕಾಲುವೆಯ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಮೆಟಾಮಾಡೆಲ್ ಎಂದರೆ ಒಂದು ಮಾಡೆಲ್‌ನಲ್ಲಿ ಏನೇನು ಇರಬಹುದು ಎಂದು ಹೇಳುವ ನಿಯಮಗಳ ನಕ್ಷೆ. ಅದು ಬದಲಾದ ಮೇಲೆ ಹಳೆಯ ಮಾಡೆಲ್ ಫೈಲ್ ತೆರೆಯದೇ ಹೋದರೆ ಅದು ದೊಡ್ಡ ಸಮಸ್ಯೆಯೇ ಅಲ್ಲ. ಮಾಡೆಲ್ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶ ‘ಫೀಚರ್ ನಾಟ್ ಫೌಂಡ್’ ಎಂದು ಕೂಗುತ್ತದೆ, ಸಾಲಿನ ಸಂಖ್ಯೆಯನ್ನೂ ಕೊಡುತ್ತದೆ, ಹೋಗಿ ಸರಿಮಾಡಬಹುದು. ನಿಜವಾದ ತಲೆನೋವು ಬೇರೆ: ತಕರಾರಿಲ್ಲದೆ ತೆರೆದುಕೊಂಡು, ಒಳಗಿನ ವ್ಯಾಲ್ಯೂಗಳು ಮಾತ್ರ ಬದಲಾಗಿರುವ ಫೈಲ್. ಈ ಬರಹದ ಹೆಚ್ಚಿನ ಜಾಗ ಅಂಥ ಸದ್ದಿಲ್ಲದ ತಪ್ಪುಗಳಿಗೆ.

ಬಳಸುವ ಸಾಮಗ್ರಿ: ಎಕ್ಲಿಪ್ಸ್ ಮಾಡೆಲಿಂಗ್ ಫ್ರೇಮ್‌ವರ್ಕ್, ಅಂದರೆ ಇಎಂಎಫ್, ಎಕೋರ್‌ನಲ್ಲಿ (ಇಎಂಎಫ್‌ನ ಮೆಟಾಮಾಡೆಲ್ ಭಾಷೆ) ಬರೆದ ಮೆಟಾಮಾಡೆಲ್, ಎಕ್ಸ್‌ಎಂಐ (ಎಕ್ಸ್‌ಎಂಎಲ್‌ನ ಒಂದು ಬಗೆ) ರೂಪದ ಮಾಡೆಲ್ ಫೈಲ್‌ಗಳು, ವಲಸೆಗೆ, ಅಂದರೆ ಹಳೆಯ ಮಾಡೆಲನ್ನು ಹೊಸ ಆವೃತ್ತಿಗೆ ತರಲು, ಎಪ್ಸಿಲಾನ್ ಫ್ಲಾಕ್, ಹೋಲಿಕೆಗೆ ಇಎಂಎಫ್ ಕಂಪೇರ್, ಹಿಂದಿನ ಸ್ಥಿತಿಗೆ ಮರಳಲು ಗಿಟ್. ಎಲ್ಲವೂ ಉಚಿತ. ಕಾಲೇಜು ಲ್ಯಾಬ್‌ನ ನೆಟ್ ನಿಧಾನವಾಗಿದ್ದರೆ ಎಪ್ಸಿಲಾನ್‌ನ ಅಪ್‌ಡೇಟ್ ಸೈಟನ್ನು ಜಿಪ್ ಫೈಲಾಗಿ ಒಮ್ಮೆ ಇಳಿಸಿಕೊಂಡು ಎಲ್ಲ ಕಂಪ್ಯೂಟರ್‌ಗಳಿಗೂ ಅದರಿಂದಲೇ ಹಾಕಬಹುದು.

ಉದಾಹರಣೆ: ಮುನಿರಾಬಾದಿನಿಂದ ಹೊರಟ ಕಾಲುವೆ

ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಪರಿಚಯ ಮಾಡಿಕೊಡಬೇಕಿಲ್ಲ. ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಹರಿದು ರಾಯಚೂರಿನವರೆಗೆ 227 ಕಿಲೋಮೀಟರ್ ಹೋಗುತ್ತದೆ. ಮುಖ್ಯ ಕಾಲುವೆ, ಅದರಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಕೊನೆಗೆ ಹೊಲಕ್ಕೆ ತೂಬು. ಮಾಡೆಲ್ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಈ ಭಾಗದಲ್ಲಿ ಸಿಗಲಾರದು. ಕೆಳಗಿನ ಮೆಟಾಮಾಡೆಲ್ ಈ ಮಾರ್ಗದರ್ಶಿಗಾಗಿ ಕಟ್ಟಿದ್ದು, ಯಾವುದೇ ಇಲಾಖೆಯ ದಾಖಲೆಯಲ್ಲ.

ಆವೃತ್ತಿ 1ರಲ್ಲಿ ಮೂರು ಕ್ಲಾಸ್. ‘ಜಾಲ’ ಎಂಬುದು ರೂಟ್ (ಎಲ್ಲಕ್ಕೂ ಮೇಲಿನದು), ಅದರೊಳಗೆ ಕಂಟೇನ್ಮೆಂಟ್ (ಒಂದರೊಳಗೆ ಇನ್ನೊಂದು ಇರುವ ಸಂಬಂಧ) ಆಗಿ ‘ಕಾಲುವೆಗಳು’. ‘ಕಾಲುವೆ’ಗೆ ಹೆಸರು, ವಿಧ, ಹರಿವು (ಪೂರ್ಣಾಂಕ, ಕ್ಯೂಸೆಕ್‌ನಲ್ಲಿ), ಮೈಲ್, ಗೇಟ್‌ಸಂಖ್ಯೆ ಎಂಬ ಆಟ್ರಿಬ್ಯೂಟ್‌ಗಳು ಮತ್ತು ಯಾವ ಕಾಲುವೆಯಿಂದ ಕವಲೊಡೆದಿದೆ ಎಂದು ತೋರಿಸುವ ‘ಮೂಲ’ ಎಂಬ ರೆಫರೆನ್ಸ್. ವಿಧ ಒಂದು ಎನಮ್ (ನಿಗದಿತ ಹೆಸರುಗಳ ಪಟ್ಟಿ): ವಿತರಣಾ, ಮುಖ್ಯ, ಉಪ, ಇದೇ ಕ್ರಮದಲ್ಲಿ. ಮೂರನೆಯ ಕ್ಲಾಸ್ ‘ತೂಬು’, ಕಾಲುವೆಯೊಳಗಿನ ಕಂಟೇನ್ಮೆಂಟ್, ಅದಕ್ಕೆ ಎಕರೆ ಎಂಬ ಆಟ್ರಿಬ್ಯೂಟ್.

ಆವೃತ್ತಿ 2ರಲ್ಲಿ ಐದು ಬದಲಾವಣೆ. ‘ಹೆಸರು’ ಈಗ ‘ಗುರುತು’. ಗೇಟ್ ಬರೀ ಸಂಖ್ಯೆಯಲ್ಲ, ಅಗಲ ಕಡ್ಡಾಯವಿರುವ ಪ್ರತ್ಯೇಕ ಕ್ಲಾಸ್. ‘ಮೂಲ’ ರೆಫರೆನ್ಸ್ ಹೋಗಿ ‘ಕವಲು’ ಎಂಬ ಕ್ಲಾಸ್ ಬಂದಿದೆ. ಎಲ್ಲಿಂದ, ಎಲ್ಲಿಗೆ, ಎಷ್ಟನೇ ದೂರದಲ್ಲಿ ಎಂಬುದು ಅದರಲ್ಲಿರುತ್ತದೆ. ಮೈಲ್ ಕಿಲೋಮೀಟರ್ ಆಗಿದೆ, ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ) ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್) ಆಗಿದೆ. ವಿಧದ ಎನಮ್‌ನ ಮೊದಲ ಜಾಗದಲ್ಲಿ ‘ಗೊತ್ತಿಲ್ಲ’ ಎಂಬುದು ಸೇರಿದೆ.

ಐದರಲ್ಲಿ ಯಾವುದು ಅಪಾಯಕಾರಿ ಎಂದು ಕೇಳಿದರೆ ಹೆಚ್ಚಿನವರು ಕವಲು ಎನ್ನುತ್ತಾರೆ. ಅಲ್ಲ, ಕೊನೆಯದು.

1. ಮೊದಲು ಎರಡೂ ಮೆಟಾಮಾಡೆಲ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡಿ

ಪ್ರತಿ ಎಕೋರ್ ಪ್ಯಾಕೇಜಿಗೂ ನೇಮ್‌ಸ್ಪೇಸ್ ಯುಆರ್‌ಐ ಎಂಬ ವಿಳಾಸ ಇರುತ್ತದೆ. ಮಾಡೆಲ್ ಫೈಲ್‌ನ ಮೊದಲ ಟ್ಯಾಗ್‌ನಲ್ಲೇ ಅದು ಬರೆದಿರುತ್ತದೆ. ಫೈಲ್ ಯಾವ ಆವೃತ್ತಿಯದು ಎಂದು ತಿಳಿಯಲು ಇರುವ ನಂಬಬಹುದಾದ ಗುರುತು ಅದೊಂದೇ. ಹಳೆಯದು 1.0 ಎಂದು ಮುಗಿದರೆ ಹೊಸದು 2.0 ಎಂದು ಮುಗಿಯಲಿ. ಎರಡಕ್ಕೂ ಒಂದೇ ಯುಆರ್‌ಐ ಬಿಟ್ಟರೆ ರಿಜಿಸ್ಟ್ರಿಯಲ್ಲಿ (ಇಎಂಎಫ್ ಇಟ್ಟುಕೊಳ್ಳುವ ಮೆಟಾಮಾಡೆಲ್‌ಗಳ ಪಟ್ಟಿಯಲ್ಲಿ) ಆಮೇಲೆ ನೋಂದಾಯಿಸಿದ್ದು ಮೊದಲಿನದನ್ನು ಮುಚ್ಚಿಹಾಕುತ್ತದೆ, ಹಳೆಯ ಫೈಲ್‌ಗಳೆಲ್ಲ ಹೊಸವೆಂದೇ ಓದಿಸಿಕೊಳ್ಳುತ್ತವೆ.

ಆವೃತ್ತಿ 1ರ ಎಕೋರ್ ಫೈಲನ್ನು ಗಿಟ್‌ನ ಹಳೆಯ ಕಮಿಟ್‌ನಿಂದ ತೆಗೆದು ಬೇರೆ ಹೆಸರಿನಲ್ಲಿ ಪ್ರಾಜೆಕ್ಟಿನೊಳಗೆ ಇಡಿ. ಅದಕ್ಕೆ ಜಾವಾ ಕೋಡ್ ಜನರೇಟ್ ಮಾಡುವ ಅಗತ್ಯವಿಲ್ಲ, ಡೈನಾಮಿಕ್ ಇಎಂಎಫ್ ಆಗಿ ನೇರ ಲೋಡ್ ಆಗುತ್ತದೆ. ಎರಡೂ ಆವೃತ್ತಿಗೆ ಕೋಡ್ ಜನರೇಟ್ ಮಾಡಹೋದರೆ ಒಂದೇ ಹೆಸರಿನ ಕ್ಲಾಸ್‌ಗಳ ಗೋಜಲಿನಲ್ಲಿ ಸುಮ್ಮನೆ ದಿನ ಹೋಗುತ್ತದೆ.

2. ಫೈಲ್‌ಗಳ ಪಟ್ಟಿ, ಆಮೇಲೆ ತಡೆ

ಯುಆರ್‌ಐ ಇಟ್ಟುಕೊಂಡು ಇಡೀ ರೆಪೊಸಿಟರಿ ಹುಡುಕಿ. ಮಾಡೆಲ್ ಫೈಲ್ ಮಾತ್ರವಲ್ಲ, ಮಾಡೆಲನ್ನು ಚಿತ್ರವಾಗಿ ತೋರಿಸುವ ಸಿರಿಯಸ್‌ನ ಫೈಲ್, ಮಾಡೆಲ್‌ನಿಂದ ಕೋಡ್ ಹುಟ್ಟಿಸುವ ಅಕ್ಸೆಲಿಯೊ ಟೆಂಪ್ಲೇಟ್, ವ್ಯಾಲಿಡೇಶನ್ ಸ್ಕ್ರಿಪ್ಟ್, ಟೆಸ್ಟ್ ಡೇಟಾ ಇವೆಲ್ಲದರಲ್ಲೂ ಅದು ಸಿಗುತ್ತದೆ. ಪಟ್ಟಿ ಆದಮೇಲೆ ಒಂದು ದಿನ ಗೊತ್ತುಮಾಡಿ ಎಲ್ಲರ ಎಡಿಟಿಂಗ್ ನಿಲ್ಲಿಸಿ. ಕಾಲುವೆಗೆ ನೀರು ಬಿಟ್ಟುಕೊಂಡೇ ಯಾರೂ ಲೈನಿಂಗ್ ದುರಸ್ತಿ ಮಾಡುವುದಿಲ್ಲ, ಇದೂ ಹಾಗೆಯೇ. ವಲಸೆ ನಡೆಯುವಾಗ ಒಬ್ಬರು ಹಳೆಯ ಫೈಲಿಗೆ ಎರಡು ತೂಬು ಸೇರಿಸಿದರೆ ಎಕ್ಸ್‌ಎಂಐ ಮಟ್ಟದಲ್ಲಿ ಅದನ್ನು ಮರ್ಜ್ ಮಾಡುವುದು ಬಲು ಕಷ್ಟ.

3. ಬದಲಾವಣೆಗಳನ್ನು ಬೇರ್ಪಡಿಸಿ

ಎರಡು ಎಕೋರ್ ಫೈಲ್‌ಗಳನ್ನು ಇಎಂಎಫ್ ಕಂಪೇರ್‌ನಲ್ಲಿ ತೆರೆದರೆ ವ್ಯತ್ಯಾಸದ ಪಟ್ಟಿ ಸಿಗುತ್ತದೆ. ಎಕೋರ್ ಫೈಲ್‌ನಲ್ಲಿ ಸಾಮಾನ್ಯವಾಗಿ ಐಡಿಗಳಿಲ್ಲದ ಕಾರಣ ಅದು ಹೋಲಿಕೆ ನೋಡಿ ಜೋಡಿ ಮಾಡುತ್ತದೆ. ಹಾಗಾಗಿ ಹೆಸರು ಬದಲಾದದ್ದು ಕೆಲವೊಮ್ಮೆ ‘ಒಂದು ಅಳಿಸಿದೆ, ಒಂದು ಸೇರಿದೆ’ ಎಂದು ಕಾಣಬಹುದು. ಯಾವುದು ಹೆಸರು ಬದಲಾವಣೆ, ಯಾವುದು ನಿಜವಾದ ಅಳಿಸುವಿಕೆ ಎಂದು ಮೆಟಾಮಾಡೆಲ್ ಬರೆದವರು ಕೂತು ಗುರುತು ಹಾಕಬೇಕು.

ಈ ಕ್ಷೇತ್ರದಲ್ಲಿ 2007ರಿಂದ ಬಳಕೆಯಲ್ಲಿರುವ ವರ್ಗೀಕರಣ ಮೂರು ಬಗೆಯದು: ಹಳೆಯ ಮಾಡೆಲನ್ನು ಮುರಿಯದವು, ಮುರಿದರೂ ಯಂತ್ರವೇ ಸರಿಪಡಿಸಬಹುದಾದವು, ಮನುಷ್ಯರ ಮಾಹಿತಿ ಇಲ್ಲದೆ ಸರಿಯಾಗದವು. ನಮ್ಮ ಉದಾಹರಣೆಯಲ್ಲಿ ‘ಗುರುತು’ ಮತ್ತು ‘ಕವಲು’ ಎರಡನೆಯ ಬಗೆ, ಗೇಟ್‌ನ ಅಗಲ ಮೂರನೆಯ ಬಗೆ. ಎನಮ್ ಮತ್ತು ಹರಿವಿನ ಬದಲಾವಣೆ ನೋಡಲು ಮೊದಲ ಬಗೆಯಂತಿವೆ, ಫೈಲ್ ಲೋಡ್ ಆಗಲು ಅವು ಅಡ್ಡ ಬರುವುದಿಲ್ಲ. ಆದ್ದರಿಂದಲೇ ಈ ಪಟ್ಟಿಗೆ ನಾಲ್ಕನೆಯ ಕಾಲಂ ಹಾಕಿಕೊಳ್ಳುವುದು ಒಳ್ಳೆಯದು: ಮುರಿಯುವುದಿಲ್ಲ, ಆದರೆ ಅರ್ಥ ಬದಲಾಗುತ್ತದೆ. ಕಂಪೇರ್ ಉಪಕರಣ ಈ ಕಾಲಂ ತುಂಬಿಕೊಡುವುದಿಲ್ಲ.

4. ಉಪಕರಣದ ಆಯ್ಕೆ

ಯುಆರ್‌ಐ ಮತ್ತು ಒಂದೆರಡು ಹೆಸರು ಮಾತ್ರ ಬದಲಾಗಿದ್ದರೆ ಪಠ್ಯದಲ್ಲೇ ಹುಡುಕಿ ಬದಲಿಸಿದರೂ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಬೇಡ. ಎಕ್ಸ್‌ಎಂಎಲ್ ಫೈಲ್‌ಗಳನ್ನು ರೂಪಾಂತರಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯ ಬಗ್ಗೆಯೂ ಅದೇ ಮಾತು: ಅದಕ್ಕೆ ಟ್ಯಾಗ್ ಗೊತ್ತು, ಮೆಟಾಮಾಡೆಲ್ ಗೊತ್ತಿಲ್ಲ.

ಮೆಟಾಮಾಡೆಲ್ ಇನ್ನೂ ಬದಲಾಗಿಲ್ಲ, ಮುಂದೆ ಬದಲಾಗಲಿದೆ ಎನ್ನುವ ಹಂತದಲ್ಲಿದ್ದರೆ ಎಡಾಪ್ಟ್ ಎಂಬ ಉಪಕರಣ ಒಳ್ಳೆಯದು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೋಪ್ ಎಂಬ ಹೆಸರಿನಲ್ಲಿ ಬೆಳೆದದ್ದು ಇದು. ಎಕೋರ್‌ನಲ್ಲಿ ಮಾಡುವ ಪ್ರತಿ ಬದಲಾವಣೆಯನ್ನು ಹಿಸ್ಟರಿ ಫೈಲ್‌ನಲ್ಲಿ ದಾಖಲಿಸುತ್ತದೆ, ಆಮೇಲೆ ಅದನ್ನೇ ಮಾಡೆಲ್‌ಗಳ ಮೇಲೆ ನಡೆಸುತ್ತದೆ. ಆದರೆ ಬದಲಾವಣೆ ಶುರುವಾಗುವ ಮೊದಲೇ ಹಿಸ್ಟರಿ ಜೋಡಿಸಿರಬೇಕು. ಹೆಚ್ಚಿನ ತಂಡಗಳಿಗೆ ವಲಸೆಯ ನೆನಪಾಗುವುದು ಬದಲಾವಣೆ ಮುಗಿದ ಮೇಲೆ, ಅವರಿಗೆ ಫ್ಲಾಕ್. ಇದು ಯಾರ್ಕ್ ವಿಶ್ವವಿದ್ಯಾಲಯದ ಎಪ್ಸಿಲಾನ್ ಬಳಗದ ಭಾಷೆ. ಬದಲಾಗದ ಭಾಗವನ್ನು ತಾನೇ ನಕಲು ಮಾಡುತ್ತದೆ, ಬದಲಾದದ್ದಕ್ಕೆ ಮಾತ್ರ ನಾವು ರೂಲ್ ಬರೆದರೆ ಆಯಿತು.

5. ಡಿಫಾಲ್ಟ್ ವ್ಯಾಲ್ಯೂಗಳನ್ನು ಬಯಲಿಗೆ ತನ್ನಿ

ಇಲ್ಲಿ ನಿಧಾನ ಮಾಡಿ. ಇಎಂಎಫ್ ಒಂದು ಆಟ್ರಿಬ್ಯೂಟ್‌ನ ವ್ಯಾಲ್ಯೂ ಡಿಫಾಲ್ಟ್‌ಗೆ ಸಮನಾಗಿದ್ದರೆ ಅದನ್ನು ಫೈಲಿಗೆ ಬರೆಯುವುದೇ ಇಲ್ಲ. ಎನಮ್ ಆಟ್ರಿಬ್ಯೂಟಿಗೆ ಡಿಫಾಲ್ಟ್ ಹೇಳದಿದ್ದರೆ ಎನಮ್‌ನ ಮೊದಲ ಹೆಸರೇ ಡಿಫಾಲ್ಟ್. ಆವೃತ್ತಿ 1ರಲ್ಲಿ ಮೊದಲಿದ್ದದ್ದು ‘ವಿತರಣಾ’. ಹಾಗಾಗಿ ಫೈಲ್ ತೆರೆದು ನೋಡಿದರೆ ಮುಖ್ಯ ಕಾಲುವೆಯ ಸಾಲಿನಲ್ಲಿ ವಿಧ ಬರೆದಿದೆ, ಉಪಕಾಲುವೆಗಳ ಸಾಲಿನಲ್ಲೂ ಇದೆ, ವಿತರಣಾ ಕಾಲುವೆಗಳ ಸಾಲಿನಲ್ಲಿ ವಿಧ ಎಂಬ ಪದವೇ ಇಲ್ಲ. ಅದೇ ಪಠ್ಯವನ್ನು ಹೊಸ ಮೆಟಾಮಾಡೆಲ್‌ನಡಿ ಓದಿದರೆ ಡಿಫಾಲ್ಟ್ ಈಗ ‘ಗೊತ್ತಿಲ್ಲ’. ವಿತರಣಾ ಕಾಲುವೆಗಳೆಲ್ಲ ಒಂದೇ ಏಟಿಗೆ ‘ಗೊತ್ತಿಲ್ಲ’ ಆಗುತ್ತವೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಪರಿಹಾರ ಎರಡು, ಎರಡನ್ನೂ ಮಾಡಿ. ಒಂದು, ಹಳೆಯ ಎಕೋರ್‌ನಲ್ಲಿ ವಿಧದ ಡಿಫಾಲ್ಟ್ ‘ವಿತರಣಾ’ ಎಂದು ಬಿಡಿಸಿ ಬರೆದು, ಹಳೆಯ ಮಾಡೆಲನ್ನು ಅದರಡಿಯೇ ಲೋಡ್ ಮಾಡಿ ‘ಆಪ್ಶನ್ ಕೀಪ್ ಡಿಫಾಲ್ಟ್ ಕಂಟೆಂಟ್’ ಎಂಬ ಸೇವ್ ಆಯ್ಕೆಯೊಂದಿಗೆ ಮತ್ತೆ ಸೇವ್ ಮಾಡಿ; ಬಚ್ಚಿಟ್ಟಿದ್ದ ವಿಧಗಳು ಫೈಲಿನಲ್ಲಿ ಕಾಣುತ್ತವೆ. ಡಿಫಾಲ್ಟನ್ನು ಎಕೋರ್‌ನಲ್ಲಿ ಬರೆಯದೇ ಬಿಟ್ಟ ಆಟ್ರಿಬ್ಯೂಟ್‌ಗಳಿಗೆ ಈ ಆಯ್ಕೆ ಕೆಲಸ ಮಾಡುವುದಿಲ್ಲ. ಇದನ್ನು ಪ್ರತ್ಯೇಕ ಕಮಿಟ್ ಮಾಡಿ. ಎರಡು, ಫ್ಲಾಕ್‌ನ ನಕಲನ್ನು ನೆಚ್ಚಿಕೊಳ್ಳದೆ ವಿಧವನ್ನು ರೂಲ್‌ನೊಳಗೆ ಬಿಡಿಸಿ ಬರೆಯಿರಿ: ಹಳೆಯದು ವಿತರಣಾ ಆಗಿದ್ದರೆ ಹೊಸದೂ ವಿತರಣಾ.

ಮೆಟಾಮಾಡೆಲ್ ಬರೆಯುವವರಿಗೂ ಒಂದು ಮಾತು. ಎನಮ್‌ಗೆ ಹೊಸ ಹೆಸರು ಸೇರಿಸುವುದಾದರೆ ಕೊನೆಯಲ್ಲಿ ಸೇರಿಸಿ. ‘ಗೊತ್ತಿಲ್ಲ’ ಮೊದಲಿದ್ದರೆ ಚೆಂದ ಎಂದು ಅನಿಸುವುದು ಸಹಜ. ಆ ಚೆಂದ ಮೊದಲ ಆವೃತ್ತಿಯಲ್ಲೇ ಇರಬೇಕಿತ್ತು.

6. ಕನ್ನಡ ಪಠ್ಯವನ್ನು ಸಿದ್ಧಮಾಡಿ

ಇಎಂಎಫ್‌ನ ಮೂಲ ಎಕ್ಸ್‌ಎಂಐ ರಿಸೋರ್ಸ್, ಬೇರೆ ಹೇಳದಿದ್ದರೆ, ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಬರೆಯುತ್ತದೆ. ‘ಎಡದಂಡೆ’ ಎಂಬ ಹೆಸರು ಅಕ್ಷರಕ್ಕೊಂದು ಸಂಖ್ಯಾ ಸಂಕೇತವಾಗಿ ಸಾಲಾಗಿ ನಿಲ್ಲುತ್ತದೆ. ಡೇಟಾ ಕಳೆದುಹೋಗಿಲ್ಲ, ಆದರೆ ಗಿಟ್‌ನಲ್ಲಿ ವ್ಯತ್ಯಾಸ ಓದಲು ಸಾಧ್ಯವೇ ಇಲ್ಲ. ಸೇವ್ ಮಾಡುವಾಗ ಎನ್‌ಕೋಡಿಂಗ್ ಆಯ್ಕೆಗೆ ಯುಟಿಎಫ್-8 ಕೊಡಿ.

ಹಳೆಯ ಪಟ್ಟಿಗಳು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆ ಆದ ಮೇಲೆ ಒತ್ತಕ್ಷರಗಳನ್ನು ಕಣ್ಣಿಂದ ನೋಡಿ. ಇನ್ನೊಂದು ಕಾಣದ ತೊಂದರೆ: ‘ಗೇಟ್‌ಸಂಖ್ಯೆ’ಯಂಥ ಪದಗಳಲ್ಲಿ ಟ್ ಮತ್ತು ಸ ನಡುವೆ ಬರುವ ಜೋಡಣೆ ತಡೆಯುವ ಅಕ್ಷರ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಕೊನೆಯಲ್ಲೂ ಒಂದು ಬಿಟ್ಟಿರುತ್ತಾರೆ. ಪರದೆಯಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಹೆಸರಿನ ಮೇಲೆ ಜೋಡಿ ಹುಡುಕುವ ಮೊದಲು ಎರಡೂ ಕಡೆ ಪದದ ತುದಿಯ ಈ ಅಕ್ಷರ ಮತ್ತು ಹೆಚ್ಚುವರಿ ಖಾಲಿ ಜಾಗ ತೆಗೆಯಿರಿ.

7. ಫ್ಲಾಕ್ ಓಡಿಸುವ ಸಿದ್ಧತೆ

ರನ್ ಕಾನ್ಫಿಗರೇಶನ್‌ನಲ್ಲಿ ಎರಡು ಮಾಡೆಲ್ ಸೇರಿಸಿ. ಮೊದಲನೆಯದು ಮೂಲ: ಆವೃತ್ತಿ 1ರ ಮೆಟಾಮಾಡೆಲ್, ‘ರೀಡ್ ಆನ್ ಲೋಡ್’ ಆನ್, ‘ಸ್ಟೋರ್ ಆನ್ ಡಿಸ್ಪೋಸಲ್’ ಆಫ್. ಎರಡನೆಯದು ಫಲಿತ: ಆವೃತ್ತಿ 2, ಓದುವುದು ಆಫ್, ಉಳಿಸುವುದು ಆನ್, ಫೈಲ್ ಹೆಸರು ಬೇರೆಯೇ. ಇವೆರಡು ಅದಲುಬದಲಾದರೆ ಹಳೆಯ ಫೈಲ್ ಖಾಲಿಯಾಗಿ ಕೂರುತ್ತದೆ. ಗಿಟ್ ಇರುವುದು ಇಂಥದ್ದಕ್ಕೇ.

ಫ್ಲಾಕ್ ಕೆಲಸ ಮಾಡುವುದು ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಪ್ರತಿ ಹಳೆಯ ಆಬ್ಜೆಕ್ಟಿಗೂ ಹೊಸ ಜೋಡಿ ಹುಟ್ಟಿಸುತ್ತದೆ, ಎರಡನೆಯದರಲ್ಲಿ ವ್ಯಾಲ್ಯೂ ನಕಲು ಮಾಡಿ ರೂಲ್ ನಡೆಸುತ್ತದೆ. ಹಾಗಾಗಿ ರೂಲ್‌ನೊಳಗೆ ಯಾವ ಹಳೆಯ ಕಾಲುವೆಯ ‘ಈಕ್ವಿವಲೆಂಟ್’ ಕೇಳಿದರೂ ಸಿಗುತ್ತದೆ, ಕ್ರಮದ ಚಿಂತೆ ಇಲ್ಲ.

8. ರೂಲ್‌ಗಳು

ಗುರುತು: ಹಳೆಯ ಹೆಸರನ್ನು ಹೊಸ ಆಟ್ರಿಬ್ಯೂಟಿಗೆ ಹಾಕುವ ಒಂದೇ ಸಾಲು. ಮರೆತರೆ ಎರರ್ ಬರುವುದಿಲ್ಲ, ಗುರುತು ಖಾಲಿ ಉಳಿಯುತ್ತದೆ. ನಕಲು ಮಾಡಲು ಜಾಗ ಸಿಗದ ಆಟ್ರಿಬ್ಯೂಟನ್ನು ಫ್ಲಾಕ್ ಸುಮ್ಮನೆ ಬಿಟ್ಟುಬಿಡುತ್ತದೆ.

ಕವಲು: ಹಳೆಯ ಕಾಲುವೆಗೆ ‘ಮೂಲ’ ಇದ್ದರೆ ಮಾತ್ರ ಹೊಸ ಕವಲು ಹುಟ್ಟಿಸಿ, ಎಲ್ಲಿಂದ ಎಂಬಲ್ಲಿ ಮೂಲದ ಜೋಡಿ, ಎಲ್ಲಿಗೆ ಎಂಬಲ್ಲಿ ಈ ಕಾಲುವೆಯ ಜೋಡಿ ಹಾಕಿ. ‘ಇದ್ದರೆ ಮಾತ್ರ’ ಎಂಬ ಷರತ್ತು ಬಿಟ್ಟರೆ ಮುಖ್ಯ ಕಾಲುವೆಗೂ ತಲೆಯಿಲ್ಲದ ಕವಲು ಹುಟ್ಟುತ್ತದೆ. ಹುಟ್ಟಿಸಿದ ಕವಲನ್ನು ಜಾಲದ ‘ಕವಲುಗಳು’ ಕಂಟೇನ್ಮೆಂಟಿಗೆ ಸೇರಿಸಲೇಬೇಕು. ಮರೆತಿದ್ದೀರಾ ಎಂದು ತಿಳಿಯುವುದು ಸುಲಭ: ಫಲಿತ ಫೈಲ್ ತೆರೆದು ಮೊದಲ ಟ್ಯಾಗ್ ನೋಡಿ. ಅಲ್ಲಿ ‘ಜಾಲ’ದ ಬದಲು ‘ಎಕ್ಸ್‌ಎಂಐ’ ಎಂಬ ಹೊದಿಕೆ ಟ್ಯಾಗ್ ಇದ್ದರೆ ಆಸರೆಯಿಲ್ಲದ ಆಬ್ಜೆಕ್ಟ್‌ಗಳು ರೂಟ್ ಮಟ್ಟದಲ್ಲಿ ಬಂದು ನಿಂತಿವೆ ಎಂದರ್ಥ.

ಅಳತೆ: ಹರಿವನ್ನು 35.3147ರಿಂದ ಭಾಗಿಸಿ. ಫೈಲಿನಲ್ಲಿ 4100 ಕ್ಯೂಸೆಕ್ ಇದ್ದರೆ 116.1 ಕ್ಯೂಮೆಕ್. ಮೈಲನ್ನು 1.609344ರಿಂದ ಗುಣಿಸಿ, 69 ಮೈಲಿಗೆ 111.04 ಕಿಲೋಮೀಟರ್, 104ಕ್ಕೆ 167.37. ಉಳಿಸುವಾಗ ದಶಮಾಂಶ ಕತ್ತರಿಸಬೇಡಿ, ತೋರಿಸುವಾಗ ಕತ್ತರಿಸಿದರೆ ಸಾಕು. ರೂಲ್ ಬರೆಯದೇ ಹೋದರೆ 4100 ಎಂಬ ಪೂರ್ಣಾಂಕ ದಶಮಾಂಶ ಆಟ್ರಿಬ್ಯೂಟ್‌ನೊಳಗೆ ಆರಾಮಾಗಿ ಕೂತುಬಿಡುವ ಸಾಧ್ಯತೆ ಇದೆ. ಎಡದಂಡೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ಹರಿದಂತೆ! ಆದ್ದರಿಂದ ಅಳತೆ ಬದಲಾದರೆ ಆಟ್ರಿಬ್ಯೂಟ್‌ನ ಹೆಸರನ್ನೂ ಬದಲಿಸಿ, ‘ಹರಿವು’ ಬೇಡ, ‘ಹರಿವುಕ್ಯೂಮೆಕ್’ ಇರಲಿ. ಮರೆತ ರೂಲ್ ಆಗ ಖಾಲಿ ಜಾಗವಾಗಿ ಕಣ್ಣಿಗೆ ಬೀಳುತ್ತದೆ.

ಹೆಸರಿನೊಳಗಿನ ಮೈಲ್ ಮುಟ್ಟಬೇಡಿ. ‘69ನೇ ಮೈಲ್’, ‘104ನೇ ಮೈಲ್’ ಎಂಬುವು ಸಿಂಧನೂರು, ಮಾನ್ವಿ ಭಾಗದ ಕೊನೆಭಾಗದ ರೈತರು ಗೇಜ್ ಕೇಳುವ ಜಾಗಗಳ ಹೆಸರು, ದೂರದ ಅಳತೆಯಲ್ಲ. ‘111.04ನೇ ಕಿಲೋಮೀಟರಿನಲ್ಲಿ ನೀರೆಷ್ಟು’ ಎಂದು ಯಾರೂ ಕೇಳುವುದಿಲ್ಲ. ಪಠ್ಯ ಹುಡುಕಿ ಬದಲಿಸುವ ವಿಧಾನ ಎಡವುವುದು ಇಲ್ಲಿಯೇ.

ಸ್ಕ್ರಿಪ್ಟ್ ಎರಡು ಸಲ ಓಡಿದರೆ 116.1 ಹೋಗಿ 3.29 ಆಗುತ್ತದೆ. ಆದ್ದರಿಂದ ಓಡಿಸುವ ಪ್ರೋಗ್ರಾಂ ಮೊದಲು ಫೈಲಿನ ಯುಆರ್‌ಐ ನೋಡಲಿ, 1.0 ಅಲ್ಲದಿದ್ದರೆ ನಿಲ್ಲಲಿ.

ಗೇಟ್: ಗೇಟ್‌ಸಂಖ್ಯೆ ಮೂರು ಇದ್ದರೆ ಮೂರು ಗೇಟ್ ಆಬ್ಜೆಕ್ಟ್ ಹುಟ್ಟಿಸುವುದು ಯಂತ್ರದ ಕೆಲಸ. ಅಗಲ ಹೇಳುವುದು ಜಾಗಕ್ಕೆ ಹೋಗಿ ಅಳೆದವರ ಕೆಲಸ. ಕಾಲುವೆ, ಗೇಟ್ ಕ್ರಮಾಂಕ, ಅಗಲ ಮೀಟರ್‌ನಲ್ಲಿ, ಹೀಗೆ ಮೂರು ಕಾಲಂನ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್) ತರಿಸಿಕೊಳ್ಳಿ. ಎಪ್ಸಿಲಾನ್ ಸಿಎಸ್‌ವಿಯನ್ನೂ ಒಂದು ಮಾಡೆಲ್ ಎಂದೇ ಓದಬಲ್ಲದು. ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆರಿಸಿದರೆ ಫೈಲಿನ ತಲೆಯಲ್ಲಿ ಕಾಣದ ಬಿಓಎಂ ಗುರುತು ಸೇರಿ, ಮೊದಲ ಕಾಲಂನ ಹೆಸರು ಹೊಂದಿಕೆಯಾಗದೇ ಹೋಗಬಹುದು. ಟೆಕ್ಸ್ಟ್ ಎಡಿಟರ್‌ನಲ್ಲಿ ಬಿಓಎಂ ಇಲ್ಲದೆ ಮತ್ತೊಮ್ಮೆ ಸೇವ್ ಮಾಡಿ.

ಅಗಲ ಸಿಗದ ಗೇಟಿಗೆ ಒಂದು ಮೀಟರ್ ಎಂದು ಅಂದಾಜು ತುಂಬಬೇಡಿ. ಆರು ತಿಂಗಳ ನಂತರ ಅದು ಅಂದಾಜೋ ಅಳತೆಯೋ ಯಾರಿಗೂ ತಿಳಿಯುವುದಿಲ್ಲ. ಖಾಲಿ ಬಿಡಿ, ವ್ಯಾಲಿಡೇಶನ್ ಹಿಡಿಯಲಿ. ಹಿಡಿಯಬೇಕಾದರೆ ಒಂದು ಷರತ್ತಿದೆ: ಅಗಲದ ಟೈಪ್ ಪ್ರಿಮಿಟಿವ್ ಡಬಲ್ ಆಗಿದ್ದರೆ ಖಾಲಿ ಎಂಬುದೇ ಇಲ್ಲ, 0.0 ಇರುತ್ತದೆ, ಕಡ್ಡಾಯ ಎಂದು ಗುರುತಿಸಿದ್ದರೂ ವ್ಯಾಲಿಡೇಟರ್ ಒಪ್ಪಿಕೊಂಡುಬಿಡುತ್ತದೆ. ‘ಇಡಬಲ್ ಆಬ್ಜೆಕ್ಟ್’ ಟೈಪ್ ಬಳಸಿ ಅಥವಾ ಆಟ್ರಿಬ್ಯೂಟನ್ನು ‘ಅನ್‌ಸೆಟ್ಟಬಲ್’ (ತುಂಬಿಲ್ಲ ಎಂದು ಗುರುತಿಸಬಹುದಾದದ್ದು) ಮಾಡಿ.

9. ಬೇರೆ ಫೈಲ್‌ಗಳಿಂದ ಬರುವ ರೆಫರೆನ್ಸ್

ಐಡಿ ಇಲ್ಲದ ಮಾಡೆಲ್‌ನಲ್ಲಿ ರೆಫರೆನ್ಸ್ ಎಂದರೆ ಸ್ಥಾನ: ‘//@ಕಾಲುವೆಗಳು.3’ ಎಂದರೆ ಸೊನ್ನೆಯಿಂದ ಎಣಿಸಿದಾಗ 3 ಬೀಳುವ, ಅಂದರೆ ಸಾಲಿನ ನಾಲ್ಕನೆಯ ಕಾಲುವೆ. ಒಂದೇ ಫೈಲಿನೊಳಗೆ ಇದರಿಂದ ತೊಂದರೆಯಿಲ್ಲ, ಸೇವ್ ಆಗುವಾಗ ಹೊಸದಾಗಿ ಬರೆಯಲ್ಪಡುತ್ತದೆ. ನೀರು ಬಿಡುವ ಸರದಿಯ ಪಟ್ಟಿ ಬೇರೆ ಮಾಡೆಲ್ ಫೈಲ್‌ನಲ್ಲಿದ್ದು ಈ ಫೈಲನ್ನು ಹೊರಗಿನಿಂದ ತೋರಿಸುತ್ತಿದ್ದರೆ ಕಥೆ ಬೇರೆ. ವಲಸೆಯಲ್ಲಿ ಕಾಲುವೆಗಳ ಕ್ರಮ ಬದಲಾದರೆ ಸರದಿ ಪಕ್ಕದ ಕಾಲುವೆಗೆ ಹೋಗುತ್ತದೆ. ಚಿತ್ರದ ಫೈಲ್‌ಗಳಿಗೂ ಇದೇ ಗತಿ.

ಜೊತೆಯಾಗಿರುವ ಫೈಲ್‌ಗಳನ್ನೆಲ್ಲ ಒಂದೇ ರಿಸೋರ್ಸ್ ಸೆಟ್‌ಗೆ (ಇಎಂಎಫ್ ಒಟ್ಟಿಗೆ ತೆರೆದಿಡುವ ಫೈಲ್‌ಗಳ ಗುಂಪಿಗೆ) ಲೋಡ್ ಮಾಡಿ ಒಟ್ಟಿಗೆ ವಲಸೆ ಮಾಡುವುದು ಒಂದು ದಾರಿ. ಶಾಶ್ವತ ದಾರಿ ಎಂದರೆ ವಲಸೆಗೆ ಮೊದಲೇ, ಇನ್ನೂ ಆವೃತ್ತಿ 1ರಲ್ಲಿರುವಾಗ, ಎಲ್ಲ ಆಬ್ಜೆಕ್ಟ್‌ಗಳಿಗೂ ಎಕ್ಸ್‌ಎಂಐ ಐಡಿ ಕೊಟ್ಟು, ಸಂಬಂಧಪಟ್ಟ ಫೈಲ್‌ಗಳನ್ನು ಒಟ್ಟಿಗೆ ಸೇವ್ ಮಾಡುವುದು. ವಲಸೆಯ ನಂತರ ಅದೇ ಐಡಿಗಳು ಉಳಿದಿವೆಯೇ ಎಂದು ನೋಡಿ, ಇಲ್ಲದಿದ್ದರೆ ರೂಲ್‌ನಲ್ಲಿ ನಕಲು ಮಾಡಿ.

10. ಪರೀಕ್ಷೆ

ಇಎಂಎಫ್ ಸೇವ್ ಮಾಡುವಾಗ ಕಡ್ಡಾಯ ಆಟ್ರಿಬ್ಯೂಟ್ ತುಂಬಿದೆಯೇ ಎಂದು ನೋಡುವುದೇ ಇಲ್ಲ. ಸೇವ್ ಆಯಿತು ಎಂಬುದಕ್ಕೆ ಬೆಲೆಯಿಲ್ಲ. ವ್ಯಾಲಿಡೇಟ್ ಪ್ರತ್ಯೇಕವಾಗಿ ಒತ್ತಬೇಕು.

ವ್ಯಾಲಿಡೇಶನ್ ಹಿಡಿಯುವುದು ರಚನೆಯ ತಪ್ಪನ್ನು ಮಾತ್ರ. ಅರ್ಥದ ತಪ್ಪಿಗೆ ಲೆಕ್ಕ ತಾಳೆ ಬೇಕು. ಹಳೆಯ ಮಾಡೆಲ್‌ನಲ್ಲಿ ಕಾಲುವೆಗಳ ಸಂಖ್ಯೆ ಹೊಸದರಷ್ಟೇ ಇರಬೇಕು. ವಿಧವಾರು ಎಣಿಕೆಯೂ ಅಷ್ಟೇ, ‘ಗೊತ್ತಿಲ್ಲ’ ಸೊನ್ನೆ. ತೂಬುಗಳ ಎಕರೆಯ ಒಟ್ಟು ಮೊತ್ತ ಬದಲಾಗಬಾರದು. ಗೇಟ್‌ಸಂಖ್ಯೆಗಳ ಮೊತ್ತ ಗೇಟ್ ಆಬ್ಜೆಕ್ಟ್‌ಗಳ ಸಂಖ್ಯೆಗೆ ಸಮ. ಮೂಲವಿದ್ದ ಕಾಲುವೆಗಳೆಷ್ಟೋ ಕವಲುಗಳಷ್ಟು. ಹೊಸ ಹರಿವನ್ನು 35.3147ರಿಂದ ಗುಣಿಸಿದರೆ ಹಳೆಯದಕ್ಕೆ 0.01ರೊಳಗೆ ತಾಳೆಯಾಗಬೇಕು. ಇವನ್ನು ಎಪ್ಸಿಲಾನ್‌ನ ವ್ಯಾಲಿಡೇಶನ್ ಭಾಷೆಯಲ್ಲಿ ಬರೆದು, ಎರಡೂ ಮಾಡೆಲ್ ಒಟ್ಟಿಗೆ ತೆರೆದು ಓಡಿಸಿ. ನಮ್ಮ ಉದಾಹರಣೆಗೆ ಇಪ್ಪತ್ತು ಮೂವತ್ತು ಸಾಲು ಸಾಕು, ಮತ್ತು ಫ್ಲಾಕ್ ಸ್ಕ್ರಿಪ್ಟಿಗಿಂತ ಮೊದಲೇ ಇದನ್ನು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಎಲ್ಲ ಮಾಡೆಲ್‌ಗಳ ಮೇಲೆ ಓಡಿಸುವ ಮೊದಲು ಮೂರು ಬಗೆಯ ಫೈಲ್ ಆರಿಸಿ: ಒಂದೇ ಕಾಲುವೆಯ ಚಿಕ್ಕದು, ಇರುವುದರಲ್ಲಿ ದೊಡ್ಡದು, ಮತ್ತು ಬಹಳ ಜನ ಕೈಯಾಡಿಸಿರುವುದು. ತಪ್ಪುಗಳು ಹೆಚ್ಚಾಗಿ ಸಿಗುವುದು ಮೂರನೆಯದರಲ್ಲಿ.

11. ಆವೃತ್ತಿ 3 ಬಂದಾಗ

1ರಿಂದ 3ಕ್ಕೆ ನೇರ ಸ್ಕ್ರಿಪ್ಟ್ ಬರೆಯಬೇಡಿ. 1ರಿಂದ 2, 2ರಿಂದ 3 ಎಂದು ಸರಪಳಿಯಾಗಿ ಓಡಿಸಿ. ಪ್ರತಿ ಕೊಂಡಿಗೂ ತನ್ನದೇ ತಾಳೆ ಪಟ್ಟಿ. ಕೆಲವು ಜಿಗಿತಗಳಲ್ಲಿ ಮಾತ್ರ ಈ ಸರಪಳಿ ಸಾಲದು. ತಂತ್ರಾಂಶ ವಿನ್ಯಾಸದ ಚಿತ್ರಭಾಷೆಯಾದ ಯುಎಂಎಲ್‌ನ 1.4ರಲ್ಲಿ ಆಕ್ಟಿವಿಟಿ ಚಿತ್ರ (ಕೆಲಸದ ಹಂತಗಳ ಚಿತ್ರ) ಎಂದರೆ ಸ್ಟೇಟ್ ಮಷೀನ್‌ನ ಒಂದು ವಿಶೇಷ ರೂಪ, ಯುಎಂಎಲ್ 2ರಲ್ಲಿ ಅದಕ್ಕೆ ಪೆಟ್ರಿ ನೆಟ್‌ನಂಥ ಟೋಕನ್ ಹರಿಯುವ ಬೇರೆಯೇ ಅರ್ಥ. 1.4ರಿಂದ 2.2ಕ್ಕೆ ಈ ಚಿತ್ರಗಳನ್ನು ತರುವುದನ್ನೇ 2010ರ ಟ್ರಾನ್ಸ್‌ಫಾರ್ಮೇಶನ್ ಟೂಲ್ ಕಾಂಟೆಸ್ಟ್‌ನಲ್ಲಿ ಸವಾಲಾಗಿ ಕೊಟ್ಟಿದ್ದರು. ಅಂಥಲ್ಲಿ ಪ್ರತಿ ರೂಲ್‌ಗೂ ಅರ್ಥ ಬಲ್ಲವರ ಒಪ್ಪಿಗೆ ಬೇಕಾಗುತ್ತದೆ.

ಆವೃತ್ತಿ 1ರ ಎಕೋರ್, ಫ್ಲಾಕ್ ಸ್ಕ್ರಿಪ್ಟ್, ಅಗಲದ ಸಿಎಸ್‌ವಿ, ತಾಳೆ ಸ್ಕ್ರಿಪ್ಟ್ ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಗಿಟ್‌ನಲ್ಲಿ ಟ್ಯಾಗ್ ಹಾಕಿ. ಯಾರದೋ ಪೆನ್‌ಡ್ರೈವ್‌ನಲ್ಲಿ ಉಳಿದ ಹಳೆಯ ಫೈಲ್ ಒಂದು ವರ್ಷದ ನಂತರವೂ ಬರುತ್ತದೆ. ಆಗ ಇವು ನಾಲ್ಕೂ ಬೇಕು, ಜೊತೆಗೆ ಅವು ಓಡಿದ ಎಕ್ಲಿಪ್ಸ್ ಮತ್ತು ಎಪ್ಸಿಲಾನ್ ಆವೃತ್ತಿ ಸಂಖ್ಯೆ ಬರೆದಿಟ್ಟ ಒಂದು ಚೀಟಿ ಫೈಲ್ ಕೂಡ.